ಅತಿ ಕಡಿಮೆ ಕ್ಯಾಲೊರಿಯ ಆಹಾರಕ್ರಮ: ಲಾಭ ಯಾರಿಗೆ, ಅಪಾಯ ಯಾರಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅತಿ ಕಡಿಮೆ ಎಂದರೆ ಎಷ್ಟು ಕಡಿಮೆ?

ದಿನಕ್ಕೆ 800 ಕ್ಯಾಲೊರಿ ಅಥವಾ ಅದಕ್ಕಿಂತ ಕಡಿಮೆ. ವಯಸ್ಕರೊಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ 2,000ದಿಂದ 2,500 ಕ್ಯಾಲೊರಿ ಬೇಕು. ಅಂದರೆ ಇದು ಅಗತ್ಯದ ಮೂರನೆಯ ಒಂದು ಭಾಗದ ಆಸುಪಾಸು. 800ರಿಂದ 1,200 ಕ್ಯಾಲೊರಿವರೆಗಿನದನ್ನು ಬರೀ ‘ಕಡಿಮೆ ಕ್ಯಾಲೊರಿ’ ಎಂದು ಕರೆಯುವುದು ರೂಢಿ. 790ಕ್ಕೂ 830ಕ್ಕೂ ದೇಹದ ಮಟ್ಟಿಗೆ ದೊಡ್ಡ ವ್ಯತ್ಯಾಸವೇನಿಲ್ಲ. ಆದರೂ ಗೆರೆ ಎಳೆದಿರುವುದಕ್ಕೆ ಕಾರಣವಿದೆ: ಅದರ ಕೆಳಗಿಳಿದವರನ್ನು ವೈದ್ಯರು ಕಣ್ಣಿಟ್ಟು ನೋಡಿಕೊಳ್ಳಬೇಕು.

ಹಾಗಾದರೆ ಇದು ಅರೆಹೊಟ್ಟೆ ಇರುವುದಕ್ಕೆ ಇಟ್ಟ ಇನ್ನೊಂದು ಹೆಸರೇ?

ಅಲ್ಲ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ. ವೈದ್ಯಕೀಯದಲ್ಲಿ ಈ ಕ್ರಮ ಎಂದರೆ ಊಟವನ್ನು ಪೂರ್ತಿ ಬಿಟ್ಟು, ಅದರ ಜಾಗದಲ್ಲಿ ಲೆಕ್ಕ ಹಾಕಿ ತಯಾರಿಸಿದ ಪುಡಿ, ಸೂಪ್, ಶೇಕ್‌ಗಳನ್ನು ತೆಗೆದುಕೊಳ್ಳುವುದು. ಕ್ಯಾಲೊರಿ ಕಡಿಮೆಯಿದ್ದರೂ ಅವುಗಳಲ್ಲಿ ದಿನಕ್ಕೆ ಬೇಕಾದ ಪ್ರೋಟೀನ್, ವಿಟಮಿನ್, ಖನಿಜಗಳು, ಅಗತ್ಯ ಕೊಬ್ಬಿನಾಮ್ಲಗಳು ಇರಲೇಬೇಕು. ಆಹಾರದ ಅಂತಾರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ 1995ರಲ್ಲೇ ಇಂಥ ಆಹಾರಕ್ಕೆ ಮಿತಿ ಹಾಕಿತು: ದಿನಕ್ಕೆ 450ರಿಂದ 800 ಕ್ಯಾಲೊರಿ, ಕನಿಷ್ಠ 50 ಗ್ರಾಂ ಒಳ್ಳೆಯ ಗುಣಮಟ್ಟದ ಪ್ರೋಟೀನ್. ಇಂದು ಬಹುತೇಕ ಕಾರ್ಯಕ್ರಮಗಳಲ್ಲಿ ಪ್ರೋಟೀನ್ 70 ಗ್ರಾಂ ಮೀರುತ್ತದೆ.

ಮನೆಯೂಟವನ್ನೇ ಕತ್ತರಿಸಿ 800 ಕ್ಯಾಲೊರಿಗೆ ಇಳಿಸಿದರೆ ತಟ್ಟೆ ಚಿಕ್ಕದಾಗುತ್ತದೆ, ಅದರ ಜೊತೆಗೆ ಕಬ್ಬಿಣ, ಪೊಟ್ಯಾಸಿಯಂ, ಬಿ ವಿಟಮಿನ್‌ಗಳೂ ಕತ್ತರಿಗೆ ಸಿಗುತ್ತವೆ. ಅದು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡಂತೆಯೇ. ತೂಕ ಎರಡರಲ್ಲೂ ಇಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಎರಡೂ ಒಂದೇ ಎಂದು ತಿಳಿದುಕೊಳ್ಳಬೇಡಿ.

ತೂಕ ಎಷ್ಟು ಬೇಗ ಇಳಿಯುತ್ತದೆ?

ಬೊಜ್ಜು ಇರುವವರಲ್ಲಿ ವಾರಕ್ಕೆ ಸರಾಸರಿ ಒಂದೂವರೆಯಿಂದ ಎರಡೂವರೆ ಕಿಲೋ. ಮೊದಲ ವಾರ ತಕ್ಕಡಿ ಇನ್ನೂ ಹೆಚ್ಚು ತೋರಿಸುತ್ತದೆ. ಆದರೆ ಇಳಿದದ್ದೆಲ್ಲ ಕೊಬ್ಬು ಎಂದುಕೊಳ್ಳುವಂತಿಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ರೂಪದಲ್ಲಿ ಅರ್ಧ ಕಿಲೋ ಆಸುಪಾಸಿನ ಸಕ್ಕರೆ ದಾಸ್ತಾನಿರುತ್ತದೆ. ಅದರ ಪ್ರತಿ ಗ್ರಾಂ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ದಾಸ್ತಾನು ಖಾಲಿಯಾದಾಗ ಆ ನೀರೂ ಹೊರಟುಹೋಗುತ್ತದೆ. ಮತ್ತೆ ಊಟ ಶುರುವಾದ ಎರಡು ಮೂರು ದಿನಗಳಲ್ಲಿ ಒಂದೆರಡು ಕಿಲೋ ಮರಳಿ ಬರುವುದೂ ಇದೇ ಲೆಕ್ಕದಿಂದ. ಅದಕ್ಕೆ ಎದೆಗುಂದಬೇಕಿಲ್ಲ.

ಇಷ್ಟು ಕಡಿಮೆ ತಿಂದು ಹಸಿವನ್ನು ತಡೆಯುವುದು ಹೇಗೆ?

ಮೊದಲ ಮೂರು ನಾಲ್ಕು ದಿನ ಕಷ್ಟ. ತಲೆನೋವು, ಸಿಡಿಮಿಡಿ, ಸುಸ್ತು ಎಲ್ಲವೂ ಇರುತ್ತವೆ. ಆಮೇಲೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್‌ಗಳೆಂಬ ಬದಲಿ ಇಂಧನವನ್ನು ತಯಾರಿಸಿಕೊಳ್ಳಲು ಆರಂಭಿಸುತ್ತದೆ. ಹಲವರಲ್ಲಿ ಹಸಿವು ಅಚ್ಚರಿಯೆನಿಸುವಷ್ಟು ತಗ್ಗುತ್ತದೆ. ಬಾಯಿಯ ವಾಸನೆ ಅದಕ್ಕೆ ತೆರುವ ಸಣ್ಣ ತೆರಿಗೆ. ಇನ್ನೊಂದು ಅನುಕೂಲವೂ ಇದೆ, ಅದನ್ನು ಪುಸ್ತಕಗಳು ಹೆಚ್ಚಾಗಿ ಹೇಳುವುದಿಲ್ಲ: ಏನು ತಿನ್ನಲಿ, ಎಷ್ಟು ತಿನ್ನಲಿ ಎಂಬ ದಿನನಿತ್ಯದ ಜಗ್ಗಾಟವೇ ಇರುವುದಿಲ್ಲ. ಸ್ವಲ್ಪ ತಿಂದು ನಿಲ್ಲಿಸುವುದಕ್ಕಿಂತ ತಟ್ಟೆಯನ್ನೇ ಸರಿಸಿಬಿಡುವುದು ಕೆಲವರಿಗೆ ಸುಲಭ.

ಸಕ್ಕರೆ ಕಾಯಿಲೆ ವಾಸಿಯಾಗುತ್ತದಂತೆ, ನಿಜವೇ?

‘ವಾಸಿ’ ಎಂಬ ಮಾತು ಬೇಡ, ‘ಉಪಶಮನ’ ಎನ್ನೋಣ, ಅಂದರೆ ಔಷಧಿಯಿಲ್ಲದೆಯೂ ಸಕ್ಕರೆ ಮಧುಮೇಹದ ಮಟ್ಟಕ್ಕಿಂತ ಕೆಳಗೆ ಉಳಿಯುವುದು. ಅದು ನಿಜ, ಮತ್ತು ಈ ಆಹಾರಕ್ರಮದ ಪರವಾಗಿರುವ ಅತ್ಯಂತ ಗಟ್ಟಿ ಸಾಕ್ಷ್ಯವೂ ಅದೇ.

2011ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ಅವರ ತಂಡ ಒಂದು ಸಣ್ಣ ಅಧ್ಯಯನ ಪ್ರಕಟಿಸಿತು. ಟೈಪ್ 2 ಮಧುಮೇಹವಿದ್ದ ಹನ್ನೊಂದು ಜನರಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿ ಕೊಡಲಾಯಿತು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಒಂದೇ ವಾರದಲ್ಲಿ ಸಹಜ ಮಟ್ಟಕ್ಕೆ ಬಂತು. ಅದೇ ವಾರದಲ್ಲಿ ಯಕೃತ್ತಿನಲ್ಲಿದ್ದ ಕೊಬ್ಬು ಮೂರನೆಯ ಒಂದು ಭಾಗದಷ್ಟು ಕರಗಿತ್ತು. ಎಂಟು ವಾರಗಳಲ್ಲಿ ಮೇದೋಜ್ಜೀರಕ ಗ್ರಂಥಿಯ ಕೊಬ್ಬೂ ಕಡಿಮೆಯಾಗಿ, ಅದು ಮತ್ತೆ ಇನ್ಸುಲಿನ್ ಸುರಿಸತೊಡಗಿತು. ಅಂದರೆ ಈ ಕಾಯಿಲೆಯ ಬೇರು ಹಲವರಲ್ಲಿ ಈ ಎರಡು ಅಂಗಗಳೊಳಗೆ ಸೇರಿಕೊಂಡ ಕೊಬ್ಬಿನಲ್ಲಿದೆ. ಅದನ್ನು ತೆಗೆದರೆ ಯಂತ್ರ ಮತ್ತೆ ಓಡಬಲ್ಲದು.

ಹನ್ನೊಂದು ಜನರಿಂದ ತೀರ್ಮಾನಕ್ಕೆ ಬರುವಂತಿಲ್ಲವಲ್ಲ. 2017ರಲ್ಲಿ ‘ಡೈರೆಕ್ಟ್’ ಎಂಬ ದೊಡ್ಡ ಪ್ರಯೋಗದ ಮೊದಲ ಫಲಿತಾಂಶ ಬಂತು. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್‌ನ ಸಾಮಾನ್ಯ ವೈದ್ಯರ ಚಿಕಿತ್ಸಾಲಯಗಳಲ್ಲಿ, ಕಾಯಿಲೆ ಪತ್ತೆಯಾಗಿ ಆರು ವರ್ಷ ದಾಟದ, ಇನ್ಸುಲಿನ್ ತೆಗೆದುಕೊಳ್ಳದ ಸುಮಾರು 300 ಜನರ ಮೇಲೆ ನಡೆದ ಪ್ರಯೋಗ ಅದು. ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿ, ಆಮೇಲೆ ನಿಧಾನವಾಗಿ ಊಟದ ಮರುಪ್ರವೇಶ. ಒಂದು ವರ್ಷದ ಕೊನೆಗೆ 46% ಜನ ಔಷಧಿಯಿಲ್ಲದೆ ಉಪಶಮನದಲ್ಲಿದ್ದರು. ಎಂದಿನ ಚಿಕಿತ್ಸೆ ಪಡೆದವರಲ್ಲಿ ಆ ಪ್ರಮಾಣ 4% ಮಾತ್ರ. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಂತೂ 86%.

ಇಲ್ಲಿಗೆ ಓದು ನಿಲ್ಲಿಸುವವರೇ ಹೆಚ್ಚು. ಎರಡನೆಯ ವರ್ಷಕ್ಕೆ 46% ಎಂಬುದು 36% ಆಯಿತು. ಮುಂದೆಯೂ ಬೆಂಬಲ ಪಡೆಯುತ್ತಿದ್ದವರನ್ನು ಐದನೆಯ ವರ್ಷ ನೋಡಿದಾಗ ಉಪಶಮನದಲ್ಲಿ ಉಳಿದಿದ್ದವರು ಸುಮಾರು 13%. ತೂಕ ಮರಳಿದಂತೆಲ್ಲ ಕಾಯಿಲೆಯೂ ಮರಳಿತು. ಹಾಗೆಂದು ಪ್ರಯೋಗ ಸೋತಿತು ಎನ್ನಲಾರೆ. ಮಧುಮೇಹವಿಲ್ಲದೆ ಕಳೆದ ಮೂರು ವರ್ಷ ಕಣ್ಣಿಗೂ ಮೂತ್ರಪಿಂಡಕ್ಕೂ ಸಿಕ್ಕ ಬಿಡುವೇ. ಆದರೆ ‘ಮೂರು ತಿಂಗಳು ಪುಡಿ ಕುಡಿದರೆ ಸಕ್ಕರೆ ಕಾಯಿಲೆ ಮಾಯ’ ಎನ್ನುವವರಿಗೆ ಈ 13% ಎಂಬ ಅಂಕಿಯನ್ನು ನೆನಪಿಸಿ.

ಮಧುಮೇಹ ಬಿಟ್ಟರೆ ಬೇರೆ ಯಾರಿಗೆ ಉಪಯೋಗ?

ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಮುನ್ನ ಎರಡು ವಾರ ಇದನ್ನು ಅನುಸರಿಸಿದರೆ ಯಕೃತ್ತು ಕುಗ್ಗಿ, ಶಸ್ತ್ರವೈದ್ಯರಿಗೆ ಕೈ ಆಡಿಸಲು ಜಾಗ ಸಿಗುತ್ತದೆ. ತೀವ್ರ ಬೊಜ್ಜಿನಿಂದ ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ, ಮಂಡಿ ಬದಲಿ ಶಸ್ತ್ರಚಿಕಿತ್ಸೆಗೆ ತೂಕವೇ ಅಡ್ಡಿಯಾದವರಿಗೆ ನೆರವಾಗುತ್ತದೆ. ಮೆದುಳಿನ ಸುತ್ತಲಿನ ದ್ರವದ ಒತ್ತಡ ಏರಿ ದೃಷ್ಟಿಗೆ ಕುತ್ತು ತರುವ ಒಂದು ತೊಂದರೆಯಿದೆ, ಹೆಚ್ಚಾಗಿ ಬೊಜ್ಜಿರುವ ಯುವತಿಯರಲ್ಲಿ ಕಾಣಿಸುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ 25 ಮಹಿಳೆಯರು ಮೂರು ತಿಂಗಳು ದಿನಕ್ಕೆ 425 ಕ್ಯಾಲೊರಿಯಲ್ಲಿದ್ದಾಗ ಆ ಒತ್ತಡ ಇಳಿಯಿತು. ಈ ಎಲ್ಲ ಸಂದರ್ಭಗಳಲ್ಲೂ ತೂಕ ಬೇಗ ಇಳಿಯಲೇಬೇಕೆಂಬುದಕ್ಕೆ ಒಂದು ವೈದ್ಯಕೀಯ ಕಾರಣವಿದೆ ಎಂಬುದನ್ನು ಗಮನಿಸಿ.

ಇದರಿಂದ ಜನ ಸತ್ತಿದ್ದಾರೆ ಎಂದು ಕೇಳಿದ್ದೇನೆ. ಹೆದರಬೇಕೇ?

ಸತ್ತಿದ್ದಾರೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ‘ದ್ರವ ಪ್ರೋಟೀನ್’ ಎಂಬ ಪಾನೀಯಗಳ ಹುಚ್ಚು ಹಬ್ಬಿತ್ತು. ಪ್ರಾಣಿಗಳ ಚರ್ಮ, ಮೂಳೆ, ಸ್ನಾಯುರಜ್ಜುಗಳಿಂದ ತೆಗೆದ ಕೊಲಾಜೆನ್ ಅವುಗಳ ಮೂಲವಸ್ತು. ಲೆಕ್ಕಕ್ಕೆ ಪ್ರೋಟೀನ್ ನಿಜ. ಆದರೆ ಟ್ರಿಪ್ಟೊಫ್ಯಾನ್ ಎಂಬ ಅಗತ್ಯ ಅಮೈನೋ ಆಮ್ಲ ಅದರಲ್ಲಿ ಇಲ್ಲವೇ ಇಲ್ಲ. ಖನಿಜಗಳೂ ಸಾಕಷ್ಟಿರಲಿಲ್ಲ. ತಿಂಗಳುಗಟ್ಟಲೆ ಅದನ್ನೇ ನಂಬಿಕೊಂಡವರ ಹೃದಯ ಸ್ನಾಯು ಸವೆಯಿತು, ಬಡಿತದ ಲಯ ತಪ್ಪಿತು. ಸುಮಾರು ಅರವತ್ತು ಸಾವುಗಳು ವರದಿಯಾದವು. ಸತ್ತವರಲ್ಲಿ ಹೆಚ್ಚಿನವರು ಮಹಿಳೆಯರು. ಮೊದಲು ಹೃದ್ರೋಗವಿಲ್ಲದವರೂ ಅವರಲ್ಲಿದ್ದರು.

ಇಂದಿನ ಸೂತ್ರಗಳು ರೂಪುಗೊಂಡದ್ದೇ ಆ ಪಾಠದಿಂದ. ಪೂರ್ಣ ಪೋಷಕಾಂಶಗಳಿರುವ ಪುಡಿ, ಆಯ್ದ ರೋಗಿಗಳು, ಸುಮಾರು 12 ವಾರಗಳ ಮಿತಿ, ನಿಯಮಿತ ರಕ್ತ ಪರೀಕ್ಷೆ ಇವೆಲ್ಲ ಇದ್ದಾಗ ಸಾವಿನ ಭಯ ಇಟ್ಟುಕೊಳ್ಳಬೇಕಾಗಿಲ್ಲ. ನಾಲ್ಕರಲ್ಲಿ ಯಾವುದೊಂದು ಕಳಚಿದರೂ ನಾವು ಮತ್ತೆ 1977ರ ಕಡೆಗೆ ಹೆಜ್ಜೆ ಹಾಕುತ್ತಿದ್ದೇವೆ ಎಂದೇ ನನ್ನ ಲೆಕ್ಕ.

ಸರಿಯಾಗಿ ಮಾಡಿದರೂ ಉಳಿಯುವ ಅಪಾಯಗಳು ಯಾವುವು?

ಮುಖ್ಯವಾದದ್ದು ಪಿತ್ತಕೋಶದ ಕಲ್ಲು. ಕೊಬ್ಬು ವೇಗವಾಗಿ ಕರಗುವಾಗ ಅದರಲ್ಲಿದ್ದ ಕೊಲೆಸ್ಟರಾಲ್ ಪಿತ್ತರಸಕ್ಕೆ ಸೇರಿ ಅದನ್ನು ಗಟ್ಟಿಯಾಗಿಸುತ್ತದೆ. ಇನ್ನೊಂದೆಡೆ, ಆಹಾರದಲ್ಲಿ ಕೊಬ್ಬಿಲ್ಲದಿದ್ದರೆ ಪಿತ್ತಕೋಶಕ್ಕೆ ಹಿಂಡಿಕೊಳ್ಳುವ ಕೆಲಸವೇ ಇಲ್ಲ. ಗಟ್ಟಿಯಾದ ರಸ ನಿಂತಲ್ಲೇ ನಿಂತರೆ ಹರಳುಗಟ್ಟುವುದು ಸಹಜ. ವಾರಕ್ಕೆ ಒಂದೂವರೆ ಕಿಲೋ ಮೀರಿ ತೂಕ ಇಳಿದಾಗ ಈ ಅಪಾಯ ಏರುತ್ತದೆ. ಹಾಗಾಗಿಯೇ ಒಳ್ಳೆಯ ಸೂತ್ರಗಳಲ್ಲಿ ಒಂದಿಷ್ಟು ಕೊಬ್ಬನ್ನು ಉದ್ದೇಶಪೂರ್ವಕವಾಗಿ ಸೇರಿಸುತ್ತಾರೆ. ಕೆಲವರಿಗೆ ವೈದ್ಯರು ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನೂ ಬರೆದುಕೊಡುತ್ತಾರೆ. ಬೇಗ ಇಳಿಯಲಿ ಎಂದು ಇದ್ದಬದ್ದ ಕೊಬ್ಬನ್ನೂ ತೆಗೆದುಹಾಕುವ ಸ್ವಯಂ ಪಂಡಿತರಿಗೆ ಈ ಸಂಗತಿ ತಿಳಿದಿರುವುದಿಲ್ಲ.

ಎರಡನೆಯದು ಗೌಟ್ ಎಂಬ ಕೀಲುನೋವು. ಮೂತ್ರಪಿಂಡದಲ್ಲಿ ಹೊರಹೋಗುವ ದಾರಿಗಾಗಿ ಕೀಟೋನ್‌ಗಳು ಯೂರಿಕ್ ಆಮ್ಲದೊಂದಿಗೆ ಪೈಪೋಟಿ ನಡೆಸುತ್ತವೆ. ಯೂರಿಕ್ ಆಮ್ಲ ರಕ್ತದಲ್ಲೇ ಉಳಿದು, ಮೊದಲೇ ಗೌಟ್ ಇದ್ದವರ ಹೆಬ್ಬೆರಳು ಕೆಂಡವಾಗಬಹುದು.

ಮಲಬದ್ಧತೆ, ಚಳಿ ತಾಳಲಾಗದಿರುವುದು, ಎದ್ದು ನಿಂತಾಗ ತಲೆಸುತ್ತು, ಸ್ನಾಯು ಸೆಳೆತ, ಮುಟ್ಟಿನ ಏರುಪೇರು ಸಾಮಾನ್ಯ. ಕೂದಲು ಉದುರುವುದು ತಡವಾಗಿ, ಎರಡು ಮೂರು ತಿಂಗಳ ನಂತರ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಊಟ ಮತ್ತೆ ಆರಂಭವಾಗಿರುತ್ತದೆ, ಕಾರಣ ತಿಳಿಯದೆ ಜನ ಶಾಂಪೂ ಬದಲಾಯಿಸುತ್ತಿರುತ್ತಾರೆ. ಹೆಚ್ಚಿನವರಿಗೆ ಕೂದಲು ತಾನಾಗಿ ಮರಳುತ್ತದೆ.

ಸ್ನಾಯುವೂ ಕರಗಿಹೋಗುತ್ತದೆಯೇ?

ಸ್ವಲ್ಪ ಹೋಗುತ್ತದೆ. ಯಾವ ವಿಧಾನದಿಂದ ತೂಕ ಇಳಿಸಿದರೂ ಇಳಿದದ್ದರಲ್ಲಿ ಕಾಲುಭಾಗದಷ್ಟು ಕೊಬ್ಬಲ್ಲದ ಅಂಶ ಎಂಬುದು ಸ್ಥೂಲ ಲೆಕ್ಕ. ಕ್ಯಾಲೊರಿ ತೀರಾ ಕಡಿಮೆಯಾದಂತೆ ಈ ಪಾಲು ಬೆಳೆಯುತ್ತದೆ. ಸಾಕಷ್ಟು ಪ್ರೋಟೀನ್ ಮತ್ತು ಭಾರ ಎತ್ತುವ ಹಗುರ ವ್ಯಾಯಾಮ ಇದನ್ನು ತಗ್ಗಿಸುತ್ತವೆ. ಅರವತ್ತೈದು ದಾಟಿದವರಿಗೆ ಇದು ಸಣ್ಣ ಮಾತಲ್ಲ, ಕಳೆದ ಸ್ನಾಯುವನ್ನು ಆ ವಯಸ್ಸಿನಲ್ಲಿ ಮರಳಿ ಕಟ್ಟುವುದು ಕಷ್ಟ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ತೊಂದರೆಯಾಗುವುದೇ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳನ್ನು ಹಳೆಯ ಪ್ರಮಾಣದಲ್ಲೇ ಮುಂದುವರಿಸಿ ಊಟ ನಿಲ್ಲಿಸಿದರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯುತ್ತದೆ. ಹೆಸರಿನ ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಎಂದಿರುವ ಮಾತ್ರೆಗಳ ಕಥೆ ತಿರುವುಮುರುವು: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೆಚ್ಚಿಲ್ಲದಂತೆ ಕಂಡರೂ ರಕ್ತ ಕೀಟೋನ್‌ಗಳಿಂದ ಆಮ್ಲೀಯವಾಗಿ ಜೀವಕ್ಕೆ ಕುತ್ತಾಗಬಹುದು. ಗ್ಲೂಕೋಮೀಟರ್ ಸಹಜ ಅಂಕಿ ತೋರಿಸುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ರಕ್ತದೊತ್ತಡವೂ ಮೊದಲ ವಾರಗಳಲ್ಲೇ ಇಳಿಯುವುದರಿಂದ ಅದರ ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು ಅತಿಯಾಗಿ, ತಲೆಸುತ್ತಿ ಬೀಳುವಂತಾಗುತ್ತದೆ. ವಾರ್ಫರಿನ್, ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತ ಪರೀಕ್ಷೆ ಪದೇ ಪದೇ ಬೇಕು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಅರ್ಧ ಮಾಡಬೇಕು ಎಂಬುದನ್ನು ಆಹಾರ ಆರಂಭಿಸುವ ದಿನಕ್ಕೆ ಮೊದಲೇ ವೈದ್ಯರು ತೀರ್ಮಾನಿಸಿರಬೇಕು. ನೀವಾಗಿಯೇ ಮಾತ್ರೆ ಬಿಡುವುದೂ ಅಷ್ಟೇ ತಪ್ಪು.

ಮಧುಮೇಹದಿಂದ ಕಣ್ಣಿನ ಅಕ್ಷಿಪಟಲಕ್ಕೆ ತೊಂದರೆಯಾಗಿದ್ದರೆ, ಸಕ್ಕರೆ ಏಕಾಏಕಿ ಇಳಿದಾಗ ಅದು ಕೆಲಕಾಲ ಉಲ್ಬಣಿಸಬಹುದು. ಮೊದಲೇ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡಿರಿ.

ಯಾರು ಇದರ ಗೊಡವೆಗೇ ಹೋಗಬಾರದು?

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, 18 ತುಂಬದವರು, ಟೈಪ್ 1 ಮಧುಮೇಹ ಇರುವವರು. ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಹೃದಯದ ಲಯ ತಪ್ಪುವ ಕಾಯಿಲೆ ಇರುವವರು. ತೀವ್ರ ಮೂತ್ರಪಿಂಡ ಅಥವಾ ಯಕೃತ್ತಿನ ವೈಫಲ್ಯ, ಚಿಕಿತ್ಸೆಯಲ್ಲಿರುವ ಕ್ಯಾನ್ಸರ್. ಆಹಾರ ಸೇವನೆಯ ಮಾನಸಿಕ ಕಾಯಿಲೆ ಈಗ ಇರುವವರು, ಹಿಂದೆ ಇದ್ದವರು.

ಈ ಕೊನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆ್ಯನ್ಸೆಲ್ ಕೀಸ್ ಆರೋಗ್ಯವಂತ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಪ್ರಯೋಗ ನಡೆಸಿದರು. ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸುಮಾರು 1,600 ಕ್ಯಾಲೊರಿ, ಇಲ್ಲಿ ಮಾತಾಡುತ್ತಿರುವುದರ ಎರಡರಷ್ಟು. ತೂಕದ ಕಾಲುಭಾಗ ಕಳೆದುಕೊಂಡ ಆ ಯುವಕರಿಗೆ ಹಗಲಿರುಳು ಅನ್ನದ್ದೇ ಧ್ಯಾನವಾಯಿತು. ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು, ಖಿನ್ನತೆಗೆ ಜಾರಿದರು, ಪ್ರಯೋಗ ಮುಗಿದ ಮೇಲೆ ಹೊಟ್ಟೆ ತುಂಬಿದರೂ ತಿನ್ನುವುದು ನಿಲ್ಲಲಿಲ್ಲ. ಅವರು ತೆಳ್ಳಗಿದ್ದವರು, ಪ್ರಯೋಗ ಆರು ತಿಂಗಳ ಹತ್ತಿರ ನಡೆಯಿತು. ಬೊಜ್ಜಿರುವವರ 12 ವಾರಗಳಿಗೆ ಅದನ್ನು ನೇರ ಹೋಲಿಸುವಂತಿಲ್ಲ. ಆದರೂ ಹಸಿವು ಮನಸ್ಸಿಗೆ ಏನು ಮಾಡಬಲ್ಲದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಚಿತ್ರ ನನಗೆ ಗೊತ್ತಿಲ್ಲ.

ಬೇಗ ಇಳಿಸಿದರೆ ಬೇಗ ಮರಳುತ್ತದೆ, ನಿಧಾನವೇ ಲೇಸು ಅಲ್ಲವೇ?

ಎಲ್ಲರೂ ಹಾಗೆಂದೇ ನಂಬಿದ್ದರು. 2014ರಲ್ಲಿ ಮೆಲ್ಬರ್ನ್‌ನ ಅಧ್ಯಯನವೊಂದು ಆ ನಂಬಿಕೆಯನ್ನು ಅಲುಗಾಡಿಸಿತು. ಬೊಜ್ಜಿದ್ದ ಇನ್ನೂರು ಜನರಲ್ಲಿ ಅರ್ಧದಷ್ಟು ಮಂದಿಗೆ 12 ವಾರಗಳ ಅತಿ ಕಡಿಮೆ ಕ್ಯಾಲೊರಿ, ಉಳಿದವರಿಗೆ 36 ವಾರಗಳ ನಿಧಾನದ ದಾರಿ. ಗುರಿ ಮುಟ್ಟಿದವರು ವೇಗದ ಗುಂಪಿನಲ್ಲಿ 81%, ನಿಧಾನದ ಗುಂಪಿನಲ್ಲಿ 50%. ಮುಂದಿನ ಮೂರು ವರ್ಷಗಳಲ್ಲಿ ಎರಡೂ ಗುಂಪಿನವರು ಇಳಿಸಿದ್ದರ ಸುಮಾರು 71% ಮರಳಿ ಪಡೆದರು. ವೇಗದವರದು ಹೆಚ್ಚೂ ಇಲ್ಲ, ನಿಧಾನದವರದು ಕಡಿಮೆಯೂ ಇಲ್ಲ.

ಹಾಗಿದ್ದರೆ ಇಷ್ಟೆಲ್ಲ ಕಷ್ಟಪಟ್ಟು ಏನು ಪ್ರಯೋಜನ?

ನ್ಯಾಯವಾದ ಪ್ರಶ್ನೆ. 2006ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅತಿ ಕಡಿಮೆ ಕ್ಯಾಲೊರಿಯವರು ಮೊದಲಿಗೆ ತೂಕದ 16% ಇಳಿಸಿದ್ದರು, ಸಾಧಾರಣ ಕಡಿಮೆ ಕ್ಯಾಲೊರಿಯವರು ಸುಮಾರು 10%. ವರ್ಷ ಎರಡು ವರ್ಷ ಕಳೆದ ಮೇಲೆ ಉಳಿದದ್ದು ಅನುಕ್ರಮವಾಗಿ 6.3% ಮತ್ತು 5%. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ.

ಮರಳುವುದು ಮನಸ್ಸಿನ ದೌರ್ಬಲ್ಯದಿಂದ ಎಂದು ದೂರುವವರಿಗೆ ಇನ್ನೊಂದು ಸಂಗತಿ. 2011ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಹತ್ತು ವಾರ ಇಂಥ ಆಹಾರದಲ್ಲಿದ್ದವರ ಹಾರ್ಮೋನುಗಳನ್ನು ಒಂದು ವರ್ಷದ ನಂತರ ಅಳೆದರು. ಹಸಿವು ಕೆರಳಿಸುವ ಗ್ರೆಲಿನ್ ಇನ್ನೂ ಏರಿಯೇ ಇತ್ತು, ಕೊಬ್ಬು ಸಾಕಷ್ಟಿದೆ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವ ಲೆಪ್ಟಿನ್ ಇಳಿದೇ ಇತ್ತು. ದೇಹ ಕಳೆದುಕೊಂಡದ್ದನ್ನು ಒಂದು ವರ್ಷವಾದರೂ ಮರೆತಿರಲಿಲ್ಲ.

ಹೀಗಾಗಿ ಆಹಾರಕ್ರಮವೊಂದನ್ನು ಆರಿಸುವಾಗ ನಾನು ಮೊದಲು ಕೇಳುವುದು ಹದಿಮೂರನೆಯ ವಾರದ ಬಗ್ಗೆ. ಆಗ ಯಾರು ಜೊತೆಗಿರುತ್ತಾರೆ? ತೂಕ ಮೂರು ಕಿಲೋ ಏರಿದರೆ ಏನು ಮಾಡಬೇಕೆಂದು ಮೊದಲೇ ತೀರ್ಮಾನವಾಗಿದೆಯೇ? ಡೈರೆಕ್ಟ್ ಪ್ರಯೋಗದಲ್ಲಿ ಹಾಗೆ ಏರಿದವರಿಗೆ ಕೆಲವು ವಾರ ಮತ್ತೆ ಪುಡಿಗಳಿಗೆ ಮರಳುವ ಏರ್ಪಾಡಿತ್ತು. ಪುಡಿಯ ಡಬ್ಬ ಮಾರಿ ಕೈತೊಳೆದುಕೊಳ್ಳುವವರ ಬಳಿ ಇಂಥ ಯಾವ ಉತ್ತರವೂ ಇರುವುದಿಲ್ಲ.

ಒಬ್ಬರು ವರ್ಷವಿಡೀ ಏನೂ ತಿನ್ನದೆ ಬದುಕಿದ್ದರಂತೆ?

ಸ್ಕಾಟ್ಲೆಂಡಿನ ಆ್ಯಂಗಸ್ ಬಾರ್ಬಿಯೆರಿ, 1965–66ರಲ್ಲಿ, 382 ದಿನ. 207 ಕಿಲೋ ಇದ್ದವರು 82ಕ್ಕೆ ಇಳಿದರು. ಆಸ್ಪತ್ರೆಯ ವೈದ್ಯರು ವಿಟಮಿನ್, ಪೊಟ್ಯಾಸಿಯಂ ಕೊಡುತ್ತ, ರಕ್ತ ಪರೀಕ್ಷಿಸುತ್ತ ಇದ್ದರು ಎಂಬ ಅರ್ಧ ಭಾಗವನ್ನು ಈ ಕಥೆ ಹೇಳುವವರು ನುಂಗಿಬಿಡುತ್ತಾರೆ. ಇಂಥ ದೀರ್ಘ ಉಪವಾಸಗಳಲ್ಲಿ ಸತ್ತವರ ವರದಿಗಳೂ ಅದೇ ಕಾಲದ್ದೇ.

ನನಗೆ ಐದಾರು ಕಿಲೋ ಇಳಿಸಿದರೆ ಸಾಕು. ಒಂದು ತಿಂಗಳು ಮಾಡಲೇ?

ಬೇಡ. ಇದುವರೆಗೆ ಹೇಳಿದ ಲಾಭಗಳೆಲ್ಲ ಬೊಜ್ಜಿನಿಂದ ಕಾಯಿಲೆ ಬಿದ್ದವರಿಗೆ ಸಿಕ್ಕಿದವು. ನಿಮಗೆ ಆ ಲಾಭ ಇಲ್ಲ. ಕಲ್ಲು, ಸ್ನಾಯು ನಷ್ಟ, ಕೂದಲು ಉದುರುವಿಕೆ ಮಾತ್ರ ಪಾಲಿಗೆ ಬರುತ್ತವೆ. ಕೊಬ್ಬಿನ ದಾಸ್ತಾನು ಕಡಿಮೆಯಿದ್ದಷ್ಟೂ ದೇಹ ಸ್ನಾಯುವಿಗೆ ಬೇಗ ಕೈ ಹಾಕುತ್ತದೆ.

ತೂಕ ಇಳಿಸುವ ಚುಚ್ಚುಮದ್ದುಗಳು ಬಂದ ಮೇಲೆ ಇದರ ಅಗತ್ಯವಿದೆಯೇ?

ಸೆಮಗ್ಲುಟೈಡ್ ಪ್ರಯೋಗದಲ್ಲಿ 68 ವಾರಗಳಲ್ಲಿ ತೂಕ ಸರಾಸರಿ 15% ಇಳಿಯಿತು, ಟಿರ್ಜೆಪಟೈಡ್‌ನಲ್ಲಿ ಇನ್ನೂ ಹೆಚ್ಚು. ಅವು ಹಸಿವಿನ ಮೂಲಕ್ಕೇ ಕೈ ಹಾಕುತ್ತವೆ. ಆದರೆ ಔಷಧಿ ನಿಲ್ಲಿಸಿದಾಗ ತೂಕ ಮರಳುವುದು ಅಲ್ಲೂ ತಪ್ಪಿದ್ದಲ್ಲ. ಔಷಧಿ ಬೇಡವೆನ್ನುವವರಿಗೆ, ಸಿಗದವರಿಗೆ, ಒಗ್ಗದವರಿಗೆ ಆಹಾರಕ್ರಮ ಉಳಿದೇ ಇದೆ. ಎರಡನ್ನೂ ಒಟ್ಟಿಗೆ ತಾವೇ ಬೆರೆಸಿಕೊಳ್ಳುವುದು ಮಾತ್ರ ದುಡುಕು.

12 ವಾರ ಮುಗಿದ ದಿನ ಹೊಟ್ಟೆತುಂಬ ಊಟ ಮಾಡಬಹುದೇ?

ಕೂಡದು. ದೀರ್ಘಕಾಲ ಕಡಿಮೆ ತಿಂದವರು ಒಮ್ಮೆಲೇ ಹೆಚ್ಚು ಪಿಷ್ಟ ತಿಂದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗಿಬಿಡುತ್ತವೆ. ರಕ್ತದಲ್ಲಿ ಅವು ಬರಿದಾದಾಗ ಹೃದಯ, ಶ್ವಾಸಕೋಶ ತತ್ತರಿಸುತ್ತವೆ. ಪೂರ್ಣ ಪೋಷಕಾಂಶದ ಪುಡಿ ತೆಗೆದುಕೊಂಡವರಲ್ಲಿ ಇದು ಅಪರೂಪ. ಮನಸ್ಸಿಗೆ ಬಂದಂತೆ ಉಪವಾಸವಿದ್ದವರಲ್ಲಿ ಭಯ ಹೆಚ್ಚು. ವಾರಕ್ಕೊಂದರಂತೆ ಪುಡಿಯ ಹೊತ್ತನ್ನು ಊಟದ ಹೊತ್ತಾಗಿ ಬದಲಿಸುತ್ತ ಎರಡರಿಂದ ಎಂಟು ವಾರಗಳಲ್ಲಿ ಪೂರ್ಣ ಊಟಕ್ಕೆ ಬರುವುದು ಪದ್ಧತಿ.

ನಡುವೆಯೇ ನಿಲ್ಲಿಸಿ ವೈದ್ಯರ ಬಳಿಗೆ ಓಡಬೇಕಾದದ್ದು ಯಾವಾಗ?

ಎದೆಬಡಿತ ತಾಳ ತಪ್ಪಿದಂತೆ ಅನ್ನಿಸಿದರೆ, ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ. ಪಕ್ಕೆಲುಬಿನ ಕೆಳಗೆ ಬಲಗಡೆ ಕಾಣಿಸಿಕೊಂಡು ಬೆನ್ನಿಗೆ ಅಥವಾ ಹೆಗಲಿಗೆ ಹರಡುವ ನೋವು, ಜೊತೆಗೆ ಜ್ವರ ಅಥವಾ ಕಣ್ಣು ಹಳದಿಯಾಗುವುದು ಪಿತ್ತಕೋಶದ ಸೂಚನೆ. ನಿಲ್ಲದ ವಾಂತಿ, ಗೊಂದಲ, ಆಳವಾದ ಏದುಸಿರು, ವಿಶೇಷವಾಗಿ ‘ಗ್ಲಿಫ್ಲೋಜಿನ್’ ಮಾತ್ರೆಯವರಲ್ಲಿ, ತುರ್ತು ಸ್ಥಿತಿ. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು: ನೀವು ಎಷ್ಟು ವಾರಗಳಿಂದ, ದಿನಕ್ಕೆ ಎಷ್ಟು ಕ್ಯಾಲೊರಿಯಲ್ಲಿದ್ದೀರಿ ಎಂಬುದು. ಅವರಾಗಿ ಕೇಳುತ್ತಾರೆಂದು ಕಾಯಬೇಡಿ.